ಕಡಲಿಗೆ ಹೋಗಿ ಬಾವಿ ನೋಡಿದ ಮಾವ

ನಮ್ಮ ಮನೆಯಲ್ಲಿ ಪ್ರವಾಸ ಅಂದರೆ ಮೊದಲು ಪಟ್ಟಿ ತಯಾರಾಗುತ್ತದೆ. ಬರೆಯುವವರು ನಾದಿನಿಯ ಯಜಮಾನರು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಕಾಗದದ ಮೇಲೆ ಇಲ್ಲದ್ದು ಅವರ ಪಾಲಿಗೆ ಇಲ್ಲವೇ ಇಲ್ಲ. ಈ ಸಲ ದಸರಾ ರಜೆಗೆ ಎಲ್ಲರೂ ಸೇರಿ ಕಡಲ ಕಡೆ ಹೋಗೋಣ ಅಂದ ಮಾರನೇ ದಿನವೇ ಪಟ್ಟಿ ಬಂತು. ಕೊಲ್ಲೂರು, ಆನೆಗುಡ್ಡೆ, ಉಡುಪಿ, ಮುರುಡೇಶ್ವರ, ಇಡಗುಂಜಿ, ಟೈಮ್ ಸಿಕ್ಕರೆ ಗೋಕರ್ಣ. ಪ್ರತಿಯೊಂದರ ಮುಂದೆಯೂ ಗಂಟೆ, ನಿಮಿಷ. ಸಮುದ್ರದ ಪಾಲಿಗೆ ಬಂದಿದ್ದು 'ಸಂಜೆ 5ರಿಂದ 6'.

ಹೊರಟಿದ್ದವರು ನಾಲ್ಕು ತಲೆಮಾರಿನವರು. ಎಪ್ಪತ್ತೈದು ದಾಟಿದ ಮಾವ, ಮಂಡಿನೋವಿನ ಅತ್ತೆ, ನಾವು ಮಕ್ಕಳು ಸೊಸೆಯಂದಿರು, ಕಾಲೇಜು ಸ್ಕೂಲು ಅಂತ ಮೊಮ್ಮಕ್ಕಳು, ಅವರ ಮೇಲೆ ನಾದಿನಿಯ ಮಗಳ ಎಂಟು ತಿಂಗಳ ಕೂಸು. ಇಷ್ಟು ಜನರನ್ನು ಈ ಪಟ್ಟಿಗೆ ಕಟ್ಟಿಹಾಕಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಹೇಳುವವರು ಮಾತ್ರ ಇರಲಿಲ್ಲ. ಕೊನೆಗೆ ನಾನೇ, "ಅಣ್ಣ, ಒಂದು ದೇವಸ್ಥಾನ ಇಟ್ಕೊಳ್ಳಿ, ಉಳಿದದ್ದು ಮುಂದಿನ ಸಲಕ್ಕಿರಲಿ" ಅಂದೆ. ಮುಖ ಸಣ್ಣದಾಯಿತು. ಕೊಲ್ಲೂರು ಉಳಿಸಿಕೊಂಡು ಮಿಕ್ಕ ಹೆಸರುಗಳ ಮೇಲೆ ಗೀಟು ಎಳೆದರು. ಪೆನ್ನಿನಲ್ಲಲ್ಲ, ಪೆನ್ಸಿಲಿನಲ್ಲಿ.

ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. ಶೇಂಗಾ ಕೀಳುವುದಕ್ಕೆ ಇನ್ನೂ ಹೊತ್ತಿತ್ತು, ಇಲ್ಲದಿದ್ದರೆ ಮಾವ ಹೊರಡುತ್ತಲೇ ಇರಲಿಲ್ಲ. ಬೆಳಗಿನ ಜಾವ ಟೆಂಪೋ ಟ್ರಾವೆಲರ್ ಬಂತು. ಚಿತ್ರದುರ್ಗ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಹುಲಿಕಲ್ ಘಾಟಿ ಇಳಿದರೆ ಕುಂದಾಪುರ. ಕಿಲೋಮೀಟರ್ ಲೆಕ್ಕದಲ್ಲಿ 250ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ರಾಜ್ಯದಲ್ಲಿ ಮಳೆ ತೀರಾ ಕಡಿಮೆ ಬೀಳುವ ತಾಲ್ಲೂಕಿನಿಂದ ಹೊರಟು, ತೀರಾ ಜಾಸ್ತಿ ಬೀಳುವ ಜಾಗಗಳಲ್ಲಿ ಒಂದನ್ನು ಹಾದು ಹೋಗುವ ದಾರಿ ಇದು. ಕಿಟಕಿ ಸೀಟು ಮಾವನದ್ದು. ಒಣ ಹೊಲ ಮುಗಿದು ಅಡಿಕೆ ತೋಟ ಶುರುವಾದದ್ದೇ ತಡ, ಅವರ ಮಾತು ನಿಂತಿತು. ತೀರ್ಥಹಳ್ಳಿಯ ಆಚೆ ರಸ್ತೆ ಪಕ್ಕದ ಬಂಡೆಯಿಂದ ಸುಮ್ನೆ ನೀರು ಸುರಿಯುತ್ತಿದ್ದದ್ದನ್ನು ಕಂಡು, "ಇದಕ್ಕೆ ನಲ್ಲಿ ಇಲ್ವೇನೋ?" ಅಂದರು, ಅಷ್ಟೇ. ಘಾಟಿಯ ತಿರುವಿನಲ್ಲಿ ಹಿಂದಿನ ಸೀಟಿನ ಹುಡುಗರಿಗೆ ಏನಾಯಿತು ಅನ್ನುವುದು ಬೇಡ ಬಿಡಿ. ನಿಂಬೆಹಣ್ಣು ತಂದಿದ್ದೆವು.

ಮಾವ ಕಂಡಿದ್ದ ದೊಡ್ಡ ನೀರು ಅಂದರೆ ಮಾರಿಕಣಿವೆ ಅಣೆಕಟ್ಟು. ಅದೇ ಹಿರಿಯೂರಿನ ವಾಣಿವಿಲಾಸ ಸಾಗರ, 1933ರಲ್ಲಿ ತುಂಬಿ ಹರಿದು ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ. ಅಂದರೆ ಮಾವ ಹುಟ್ಟುವ ಮೊದಲು ಒಂದು ಸಲ, ಮುದುಕರಾದ ಮೇಲೆ ಒಂದು ಸಲ. ಆವತ್ತು ಜಿಲ್ಲೆಗೆ ಜಿಲ್ಲೆಯೇ ಅಲ್ಲಿಗೆ ನುಗ್ಗಿತ್ತು. ಮಾವ ಟವೆಲ್ ತುದಿಯನ್ನು ಕೋಡಿ ನೀರಿಗೆ ಅದ್ದಿ ಕಣ್ಣಿಗೆ ಒತ್ತಿಕೊಂಡಿದ್ದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗಲೂ ಹೋಗಿ ಬಂದರು. ಅಂಥವರು ಸಮುದ್ರ ಕಂಡರೆ ಏನಂತಾರೋ ಅಂತ ನಮಗೆಲ್ಲ ಕುತೂಹಲ. ಮೊಬೈಲ್ ಹಿಡಿದು ವಿಡಿಯೋ ಮಾಡೋಕೆ ಮೊಮ್ಮಗಳು ರೆಡಿ. ಮಾವ ಇಳಿದರು. ನೋಡಿದರು. "ಈ ಕೆರೆಗೆ ಕೋಡಿ ಎಲ್ಲೈತೆ?" ಅಂತ ಕೇಳಿ, ತಮ್ಮ ಮಾತಿಗೆ ತಾವೇ ನಕ್ಕು, ಬಚ್ಚಲು ಎಲ್ಲಿ ಅಂತ ವಿಚಾರಿಸಿದರು. ವಿಡಿಯೋ ಅಲ್ಲಿಗೆ ಮುಗಿಯಿತು.

ಉಳಿದುಕೊಂಡಿದ್ದ ಮನೆ ಮರವಂತೆಯಿಂದ ಸ್ವಲ್ಪ ಉತ್ತರಕ್ಕೆ, ಹೆದ್ದಾರಿಯಿಂದ ಕಡಲ ಕಡೆ ಇಳಿಯುವ ದಾರಿಯಲ್ಲಿ. ತೆಂಗಿನ ತೋಟದೊಳಗೆ ಹೆಂಚಿನ ಮನೆ. ಒಂದು ಭಾಗದಲ್ಲಿ ಯಜಮಾನರ ಸಂಸಾರ, ಇನ್ನೊಂದರಲ್ಲಿ ಬಂದವರು. ಜಗಲಿಯಲ್ಲಿ ಕೂತರೆ ಅಲೆ ಕಾಣಿಸುವುದಿಲ್ಲ, ಕೇಳಿಸುತ್ತದೆ. ಚಪ್ಪಲಿ ಹಾಕಿಕೊಂಡು ನೂರು ಹೆಜ್ಜೆ ನಡೆದರೆ ಮರಳು.

ಆ ನೂರು ಹೆಜ್ಜೆಯ ನಡುವೆ ಒಂದು ಬಾವಿ ಇತ್ತು. ಮೊದಲ ಸಂಜೆ ಕಾಲು ತೊಳೆಯಲು ಹೋದ ಮಾವ ಬಾಯಿಗೂ ಒಂದು ಬೊಗಸೆ ನೀರು ಹಾಕಿಕೊಂಡರು. ಉಗುಳಲು ಸಿದ್ಧರಾಗಿಯೇ ಹಾಕಿಕೊಂಡಿದ್ದರು ಅನ್ನಿಸುತ್ತದೆ. ಉಗುಳಲಿಲ್ಲ. ಇನ್ನೊಂದು ಬೊಗಸೆ ಕುಡಿದರು. ಕಡಲಿನ ಕಡೆ ನೋಡಿದರು, ಬಾವಿಯ ಕಡೆ ನೋಡಿದರು. "ಸೀನೀರು ಕಣಮ್ಮ!" ಅಂತ ನನ್ನನ್ನು ಕೂಗಿ ಕರೆದರು. ಸಮುದ್ರ ನೋಡಿದಾಗ ನಾವು ಕಾಯುತ್ತಿದ್ದ ಮುಖ ಈಗ ಬಂದಿತ್ತು.

ಆಮೇಲೆ ಅವರ ರಜೆಯೆಲ್ಲ ಅಲ್ಲೇ ಕಳೆಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾವಿಕಟ್ಟೆ. ಮನೆಯ ಯಜಮಾನರೂ ಅದೇ ವಯಸ್ಸಿನವರು, ಒಂದು ಕಾಲದಲ್ಲಿ ದೋಣಿಗೆ ಹೋಗುತ್ತಿದ್ದವರು. ಇವರದು ಚಳ್ಳಕೆರೆ ಮಾತು, ಅವರದು ಕುಂದಾಪುರದ್ದು. ಇಬ್ಬರಿಗೂ ಅರ್ಧರ್ಧ ಅರ್ಥವಾಗುತ್ತಿತ್ತು, ಅದರಿಂದ ಯಾರಿಗೂ ತೊಂದರೆಯಾದಂತೆ ಕಾಣಲಿಲ್ಲ.

"ಎಷ್ಟಡಿ ಐತೆ?"

"ಹದ್ನೈದ್ ಅಡಿ. ಏಪ್ರಿಲ್, ಮೇ ತಿಂಗ್ಳಲ್ಲಿ ಸ್ವಲ್ಪ ಉಪ್ಪಾತ್ತ್. ಮಳಿ ಬಂದ್ರೆ ಸರಿ ಆತ್ತ್."

ಹದಿನೈದು ಅಡಿ! ನಮ್ಮ ಹೊಲದ ಬೋರು 700 ಅಡಿ ಇಳಿದಿದೆ. ಅದಕ್ಕೂ ಮುಂಚಿನದು ಧೂಳು ಕಕ್ಕಿತ್ತು. ಮಾವನ ಹುಡುಗತನದಲ್ಲಿ ಅದೇ ಹೊಲದಲ್ಲಿ ಕಲ್ಲು ಕಟ್ಟಿದ ಬಾವಿ ಇತ್ತಂತೆ. ಎತ್ತು ಕಟ್ಟಿ ಕಪಿಲೆ ಹೊಡೆದು ನೀರು ಎತ್ತುತ್ತಿದ್ದರಂತೆ. ಸುತ್ತಮುತ್ತ ಬೋರು ಬಂದ ಮೇಲೆ ಅದು ಬತ್ತಿತು. ಈಗ ಅದರಲ್ಲಿ ಮುಳ್ಳು, ಒಡೆದ ಗಡಿಗೆ, ಪ್ಲಾಸ್ಟಿಕ್ಕು. ಇದನ್ನೆಲ್ಲ ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. ಯಾರೋ ಗುರುತಿಲ್ಲದ ದೋಣಿಯವರ ಮುಂದೆ ಹೇಳುತ್ತಿದ್ದರು, ನಾನು ಬಟ್ಟೆ ಒಣಗಿಸುತ್ತ ಕೇಳಿಸಿಕೊಂಡೆ.

ಕಡಲ ಪಕ್ಕದಲ್ಲೇ ಸಿಹಿನೀರು ಹೇಗೆ ಅಂತ ಬಿಡಿಸಿ ಹೇಳಿದ್ದು ನನ್ನ ಮಗ. ದಾವಣಗೆರೆಯಲ್ಲಿ ಸಿವಿಲ್ ಓದುತ್ತಾನೆ. ಓದಿದ್ದು ಕೆಲಸಕ್ಕೆ ಬಂದದ್ದು ನಾನು ನೋಡಿದಂತೆ ಇದೇ ಮೊದಲು. ಸಿಹಿನೀರು ಉಪ್ಪುನೀರಿಗಿಂತ ಹಗುರ. ಮಳೆನೀರು ಮರಳಿನಲ್ಲಿ ಇಂಗಿ ಕೆಳಗಿರುವ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಸಮುದ್ರದ ಮಟ್ಟಕ್ಕಿಂತ 1 ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಮರಳಿನ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದ.

"ಮೇಲಿನ ಒಂದಡಿ ಖಾಲಿ ಮಾಡಿದ್ರೆ?" ಅಂದರು ಮಾವ.

"ಕೆಳಗಿಂದ ನಲವತ್ತಡಿ ಉಪ್ಪು ಮೇಲೆ ಬರುತ್ತೆ ತಾತ."

ಮಾವ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಯಜಮಾನರ ಕಡೆ ತಿರುಗಿ, "ಇಲ್ಲಿ ಯಾರನ್ನೂ ಬೋರ್ ಹಾಕ್ಸಕ್ಕೆ ಬಿಡಬೇಡಿ ಸ್ವಾಮಿ" ಅಂದರು. ಅಲ್ಲೇ ಎರಡು ಮನೆಯಾಚೆ ಹೊಸ ರೆಸಾರ್ಟೊಂದು ಏಳುತ್ತಿತ್ತು. ಯಜಮಾನರು ಆ ಕಡೆ ಒಮ್ಮೆ ನೋಡಿ, ತಲೆಯಾಡಿಸಿ, ಎಲೆಗೆ ಸುಣ್ಣ ಹಚ್ಚಿದರು.

ಮಾವ ಬಾವಿ ಕಾಯುತ್ತಿದ್ದಾಗ ಮಿಕ್ಕವರು ಮರಳಿನ ಮೇಲೆ ವಯಸ್ಸಿಗೆ ತಕ್ಕಂತೆ ಜಾಗ ಹಿಡಿದಿದ್ದೆವು. ಮಳೆಗಾಲ ಮುಗಿದು ಜಾಸ್ತಿ ದಿನವಾಗಿರಲಿಲ್ಲ, ಅಲೆಗಳಲ್ಲಿ ಇನ್ನೂ ಒರಟುತನ ಇತ್ತು. ಆ ಕಡೆ ದಡ ಬೇಗ ಇಳಿಜಾರಾಗುತ್ತದೆ. ಮೊಣಕಾಲಷ್ಟು ನೀರಿನಲ್ಲಿ ನಿಂತಿದ್ದೇನೆ ಅಂದುಕೊಂಡವನು ಮುಂದಿನ ಹೆಜ್ಜೆಗೆ ಸೊಂಟದವರೆಗೆ ಹೋಗಿರುತ್ತಾನೆ. "ಮೊಣಕಾಲಿಂದ ಮುಂದೆ ಹೋಪುಕಾಗ" ಅಂತ ಯಜಮಾನರು ಮೊದಲೇ ಹೇಳಿದ್ದರು. ಈಜು ಬರುತ್ತೆ ಅನ್ನುವವರಿಗೆ ಇನ್ನೂ ಗಟ್ಟಿಯಾಗಿ ಹೇಳಿದರು. ಹಾಗಾಗಿ ಹುಡುಗರ ಈಜಾಟವೆಲ್ಲ ಮಾತಿನಲ್ಲೇ. ಅಂಚಿನಲ್ಲಿ ಬಿದ್ದು ಹೊರಳಾಡಿದರು. ಕೂಸು ಮರಳು ತಿಂದಿತು. ಬಾಯೊಳಗೆ ಬೆರಳು ಹಾಕಿ ತೆಗೆದಷ್ಟೂ ಮತ್ತೆ ತಿಂದಿತು. ಕೊನೆಗೆ ಅದರ ತಾಯಿಯೇ ಸೋತು ಬಿಟ್ಟಳು. ಮಾರನೇ ದಿನವೂ ಕೂಸು ಗಟ್ಟಿಯಾಗಿಯೇ ಇತ್ತು.

ಅತ್ತೆಗೆ ಕೆಳಗೆ ಕೂರಲಾಗುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ ತಂದು ಅಲೆಯ ತುದಿ ತಾಕುವಲ್ಲಿ ಹಾಕಿದೆವು. ಅಲೆ ಬಂದು ಹಿಂದೆ ಹೋಗುವಾಗ ಕುರ್ಚಿ ಕಾಲಿನ ಬುಡದ ಮರಳನ್ನೂ ಎಳೆದುಕೊಂಡು ಹೋಗುತ್ತದಲ್ಲ, ನಾಲ್ಕೈದು ಅಲೆ ಆಗುವಷ್ಟರಲ್ಲಿ ಕುರ್ಚಿ ಒಂದು ಕಡೆ ವಾಲಿತು. ಅತ್ತೆ "ಅಯ್ಯೋ ಶಿವನೇ" ಅಂತ ಕೂಗಿ ನನ್ನ ಕೈ ಹಿಡಿದರು. ಎತ್ತಿ ಎರಡಡಿ ಹಿಂದೆ ಹಾಕಿದೆವು. ಮತ್ತೆ ವಾಲಿತು, ಮತ್ತೆ ಕೂಗು. ಮೂರನೇ ಸಲಕ್ಕೆ ಗೊತ್ತಾಯಿತು, ಅವರಿಗೆ ಅದೇ ಬೇಕಾಗಿತ್ತು. ಹಿಂದೆ ಹಾಕಲು ಹೋದರೆ "ಇರ್ಲಿ ಬಿಡು, ಇಲ್ಲೇ ಚೆನ್ನಾಗೈತೆ" ಅಂದರು. ವಾರಗಿತ್ತಿ, ನಾನು ಆಚೀಚೆ ನಿಂತು ಕುರ್ಚಿಯ ಕೈ ಹಿಡಿದುಕೊಂಡೆವು. ಸೀರೆ ಮಂಡಿಯವರೆಗೂ ನೆನೆದಿತ್ತು. ನೋವಿನ ಮಾತೇ ಎತ್ತಲಿಲ್ಲ. ಉಪ್ಪುನೀರಿನ ಗುಣ ಅಂತ ಆಮೇಲೆ ಅವರೇ ಹೇಳಿಕೊಂಡರು, ನಾವು ಹೂಂ ಅಂದೆವು.

ಒಂದು ಬೆಳಿಗ್ಗೆ ದಡದಲ್ಲಿ ಮೀನಿಗೆ ಕೈರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಚಂದ್ರನ ಆಕಾರಕ್ಕೆ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತವರು ಎಳೆಯುತ್ತಾರೆ. ಎಳೆಯುತ್ತ ಎಳೆಯುತ್ತ ಎರಡೂ ಗುಂಪು ಹತ್ತಿರ ಬರುತ್ತವೆ. ನೋಡುತ್ತ ನಿಂತಿದ್ದ ನಮ್ಮ ಹುಡುಗರನ್ನು ಕರೆದು ಹಗ್ಗ ಕೊಟ್ಟರು. ಎಲ್ಲಿದ್ದರೋ, ಮಾವ ಪಂಚೆ ಮೇಲೆ ಕಟ್ಟಿ ಬಂದೇಬಿಟ್ಟರು. "ಬೇಡ ತಾತ" ಅಂದರೆ ಕೇಳಬೇಕಲ್ಲ. ಹಗ್ಗ ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಜಿಮ್ಮಿಗೆ ಹೋಗುವ ಮೊಮ್ಮಗ ತೋಳಿನಿಂದ ಎಳೆಯುತ್ತಿದ್ದ, ಇವರು ಹಿಮ್ಮಡಿ ಊರಿ ಬೆನ್ನಿನಿಂದ ಎಳೆಯುತ್ತಿದ್ದರು. ಬಲೆಯಲ್ಲಿ ಬಂದದ್ದು ಹೆಚ್ಚೇನಿಲ್ಲ. ಒಂದಿಷ್ಟು ಬಂಗುಡೆ, ಸಣ್ಣ ಮೀನು, ಏಡಿ, ಗಾಜಿನಂಥ ಲೋಳೆ ಮೀನು, ಎರಡು ನೀರಿನ ಬಾಟಲಿ. ಎಳೆದವರಿಗೆ ಪಾಲು ಅಂತ ಬಂಗುಡೆ ಕೊಟ್ಟರು. ದುಡ್ಡು ಕೊಡಲು ಹೋದ ನನ್ನ ಗಂಡನನ್ನು ಮಾವ ಕಣ್ಣಿನಲ್ಲೇ ತಡೆದರು.

ಆ ಬಂಗುಡೆಯ ಕಥೆಯನ್ನು ಹೇಳಲೇಬೇಕು. ಅತ್ತೆಗೆ ಕೆರೆ ಮೀನು ಗೊತ್ತು, ಸಮುದ್ರದ ಮೀನಿನ ಮೇಲೆ ನಂಬಿಕೆ ಇಲ್ಲ. ಜೊತೆಗೆ ನೀರುದೋಸೆ ಹೊಟ್ಟೆಗೆ ನಿಲ್ಲುವುದಿಲ್ಲ, ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಅಂತ ದೂರು. ಯಾರಿಗೂ ಹೇಳದೆ ಬ್ಯಾಗಿನ ತಳದಲ್ಲಿ ರಾಗಿ ಹಿಟ್ಟು ತಂದಿದ್ದರು, ಮುದ್ದೆ ಕೋಲಿನ ಸಮೇತ! ಅಡುಗೆಮನೆಗೆ ಹೋಗಿ, "ತಾಯಿ, ಒಂದು ಒಲೆ ಕೊಡಿ" ಅಂದರು. ಮನೆಯಾಕೆ ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನಕಾಯಿ ನುಣ್ಣಗೆ ಅರೆದು ಬಂಗುಡೆ ಸಾರು ಕುದಿಸುತ್ತಿದ್ದರೆ, ಪಕ್ಕದ ಒಲೆಯಲ್ಲಿ ಅತ್ತೆ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿಯಲು ಆಗದೆ, ನನ್ನನ್ನು ಹಿಡಿಸಿ, ಹಿಟ್ಟು ತಿರುವುತ್ತಿದ್ದರು. ಹುಣಸೆಯ ಬದಲು ಅದೇನೋ ಒಣಗಿದ ಕಪ್ಪು ಹುಳಿ ಹಾಕಿದ್ದನ್ನು ಅತ್ತೆ ಅನುಮಾನದಿಂದಲೇ ನೋಡಿದರು. ಊಟಕ್ಕೆ ಕೂತಾಗ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದ ಮೇಲೆ ಮಾತಿಲ್ಲ. ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಮನೆಯಾಕೆಯೂ ಒಂದು ತುತ್ತು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. "ಅಗೀಬಾರ್ದು, ನುಂಗ್ಬೇಕು" ಅಂತ ನಾವೆಲ್ಲ ಒಟ್ಟಿಗೆ ಕೂಗಿದೆವು. ನನ್ನ ಮಟ್ಟಿಗೆ ಬಂಗುಡೆ ಸಾರಿಗೆ ಮುದ್ದೆಯಂಥ ಜೋಡಿ ಇಲ್ಲ. ಕರಾವಳಿಯವರು ಬೈದರೂ ಪರವಾಗಿಲ್ಲ.

ಪಟ್ಟಿಯ ಅಣ್ಣನ ಕಥೆ ಏನಾಯಿತು ಅಂತೀರಾ? ಕೊಲ್ಲೂರಿಗೆ ಗಂಡ ಹೆಂಡತಿ ಇಬ್ಬರೇ ಬೆಳಿಗ್ಗೆ ಎದ್ದು ಹೋಗಿ ಊಟದ ಹೊತ್ತಿಗೆ ವಾಪಸ್ ಬಂದರು. ಮರುದಿನ ಸಂಜೆ ನಾನೇ ಅವರನ್ನು ಮರವಂತೆಯ ಮಾರಸ್ವಾಮಿ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ವರಾಹಸ್ವಾಮಿಯ ಗುಡಿ. ಮುಂದೆ ಹೆದ್ದಾರಿ, ಅದರಾಚೆ ಕಡಲು, ಹಿಂದೆ ಸೌಪರ್ಣಿಕಾ ಹೊಳೆ. ಕರ್ಕಾಟಕ ಅಮಾವಾಸ್ಯೆಗೆ ಜನ ಹೊಳೆಯಲ್ಲೂ ಕಡಲಲ್ಲೂ ಮುಳುಗು ಹಾಕುವ ಜಾಗ. ಒಂದು ಕಡೆ ಅಬ್ಬರ, ಇನ್ನೊಂದು ಕಡೆ ನೀರು ಅಲುಗುವುದೇ ಇಲ್ಲ. ಅಣ್ಣ ಹೊಳೆಯ ಕಡೆ ಮೆಟ್ಟಿಲಲ್ಲಿ ಕೂತರು. ಜೇಬಿನಿಂದ ಪಟ್ಟಿ ತೆಗೆದು ಈ ದೇವಸ್ಥಾನದ ಹೆಸರು ಸೇರಿಸಿ, ಎದುರಿಗೆ ಟಿಕ್ ಹಾಕಿದರು. ಟೈಮ್ ಬರೆಯಲಿಲ್ಲ. ನಾದಿನಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಹೊರಡುವ ದಿನ ಅತ್ತೆಯದ್ದೇ ಕಾರುಬಾರು. ಸಮುದ್ರದ ಮೀನನ್ನು ನಂಬದಿದ್ದವರು ಮನೆಯಾಕೆಯ ಜೊತೆ ಹೋಗಿ ಒಣಮೀನು ಕೊಂಡು ತಂದಿದ್ದರು. ಒಂದೆರಡು ಪೊಟ್ಟಣವಲ್ಲ, ಊರಿನ ಅರ್ಧ ಓಣಿಗೆ ಹಂಚುವಷ್ಟು. ಪೇಪರು, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಹಳೇ ಸೀರೆ ಸುತ್ತಿ ಸೀಟಿನ ಕೆಳಗೆ ಇಟ್ಟರೂ ಸಿದ್ದಾಪುರ ದಾಟುವಷ್ಟರಲ್ಲಿ ಗಾಡಿಯೆಲ್ಲ ಅದೇ ವಾಸನೆ. ಡ್ರೈವರ್ ಮೀನು ತಿನ್ನದವನು. ಪಾಪ, ಏನೂ ಅನ್ನಲಿಲ್ಲ, ತನ್ನ ಕಡೆ ಕಿಟಕಿ ಪೂರ್ತಿ ಇಳಿಸಿದ. ಎಲ್ಲರೂ ಇಳಿಸಿದೆವು. ಘಾಟಿ ಹತ್ತುವಾಗ ಶುರುವಾಯಿತು ನೋಡಿ ಮಳೆ, ಹುಲಿಕಲ್ಲಿನ ಮಳೆ, ಬಕೆಟ್ಟಿನಲ್ಲಿ ಸುರಿದ ಹಾಗೆ. ಕಿಟಕಿ ಹಾಕಿದರೆ ಮೀನು, ತೆಗೆದರೆ ಮಳೆ. ಕೂಸನ್ನು ನೆನೆಸುವಂತಿಲ್ಲ ಅಂತ ಕೊನೆಗೆ ಎಲ್ಲ ಕಿಟಕಿ ಮುಚ್ಚಿದೆವು. ಮಾವ ಮಾತ್ರ ತಮ್ಮದನ್ನು ಮುಚ್ಚಲಿಲ್ಲ. ಭುಜ, ಪಂಚೆ ಎಲ್ಲ ನೆಂದು ತೊಪ್ಪೆಯಾದರೂ ಕೈ ಹೊರಗೆ ಹಾಕಿಕೊಂಡು ಕೂತಿದ್ದರು. ಅತ್ತೆ ಹಿಂದಿನಿಂದ ಬೈಯುತ್ತಲೇ ಇದ್ದರು. ಡ್ರೈವರ್ ಕನ್ನಡಿಯಲ್ಲಿ ಅದನ್ನು ನೋಡಿ, "ಇರ್ಲಿ ಬಿಡಿ ಅಮ್ಮ, ಒಂದಾದ್ರೂ ತೆಗೆದಿರ್ಲಿ" ಅಂದ.