ಪರಿಚಯಸ್ಥರ ಜಿಲ್ಲೆಯಲ್ಲಿ ಮನೋಚಿಕಿತ್ಸೆ

ಮಡಿಕೇರಿಯಲ್ಲಿ ನನ್ನ ಬಳಿ ಚಿಕಿತ್ಸೆಗೆ ಬರುವವರಲ್ಲಿ ಹಲವರು ತಮ್ಮ ಕಷ್ಟ ಹೇಳಿಕೊಳ್ಳುವ ಮೊದಲು ನನ್ನ ಮನೆತನವನ್ನು ವಿಚಾರಿಸುತ್ತಾರೆ. ಯಾವ ಒಕ್ಕದವರು, ತಾಯಿಯ ತವರು ವಿರಾಜಪೇಟೆ ಕಡೆಯೋ ಸೋಮವಾರಪೇಟೆ ಕಡೆಯೋ ಎಂದು ಕೇಳಿ, ಎಲ್ಲಾದರೂ ನೆಂಟಸ್ತಿಕೆಯ ಎಳೆ ಸಿಕ್ಕಿದ ಮೇಲೆಯೇ ಮಾತಿಗೆ ತೊಡಗುತ್ತಾರೆ. ಮನೋವಿಶ್ಲೇಷಕನು ತನ್ನನ್ನು ತೋರಗೊಡದೆ ಕನ್ನಡಿಯಂತಿರಬೇಕು ಎಂದು ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್ 1912ರಲ್ಲಿ ಬರೆದಿದ್ದ ಸಲಹೆ ಇಂಥ ಜಿಲ್ಲೆಯಲ್ಲಿ ಒಂದು ದಿನವೂ ನಡೆಯುವಂಥದ್ದಲ್ಲ.

ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್. ನನಗೆ ರೋಗನಿರ್ಣಯವನ್ನೂ ಪರೀಕ್ಷೆಗಳನ್ನೂ ಚೆನ್ನಾಗಿಯೇ ಕಲಿಸಿತು. ಎದುರಿಗೆ ಕುಳಿತವರ ಮೌನ ನನ್ನೊಳಗೆ ಏನು ಮಾಡುತ್ತದೆ ಎಂಬುದರ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಆ ಕೊರತೆಯನ್ನು ತುಂಬಿದ್ದು ಅಮೆರಿಕದ ಮನೋವಿಶ್ಲೇಷಕರಾದ ಜೇ ಗ್ರೀನ್‌ಬರ್ಗ್ ಮತ್ತು ಸ್ಟೀಫನ್ ಮಿಚೆಲ್ ಅವರ ಬರಹ. ಮನಸ್ಸು ರೂಪುಗೊಳ್ಳುವುದು ಸಹಜ ಪ್ರವೃತ್ತಿಗಳ ಒತ್ತಡದಿಂದ ಎನ್ನುವ ಚಿಂತನೆಯನ್ನೂ ಅದು ಸಂಬಂಧಗಳ ನಡುವೆ ರೂಪುಗೊಳ್ಳುತ್ತದೆ ಎನ್ನುವ ಚಿಂತನೆಯನ್ನೂ ಅವರು 1983ರಲ್ಲಿ ಬೇರ್ಪಡಿಸಿ ತೋರಿಸಿದ್ದರು. ಎರಡನೆಯದನ್ನು ಒಪ್ಪಿದರೆ ಚಿಕಿತ್ಸಕಿಯೂ ಆ ಸಂಬಂಧದ ಒಳಗಿನವಳೇ ಆಗುತ್ತಾಳೆ, ಆದ್ದರಿಂದ ಅವಳ ಬೇಸರವೂ ಆತುರವೂ ಪರಿಶೀಲನೆಗೆ ಒಳಪಡಬೇಕಾಗುತ್ತದೆ. ಹಾಗೆಂದು ನನ್ನ ಸಂಸಾರದ ಕಥೆಯನ್ನೆಲ್ಲ ಬಂದವರ ಮುಂದೆ ಬಿಚ್ಚಿಡಬೇಕೆಂದಲ್ಲ. ಸಂಬಂಧವನ್ನೇ ಮುಖ್ಯವಾಗಿಸಿಕೊಂಡ ಈ ವಿಧಾನವನ್ನು ಹಾಗೆ ಅರ್ಥ ಮಾಡಿಕೊಂಡವರು ಕಡಿಮೆಯೇನಿಲ್ಲ.

ಚಿಕಿತ್ಸೆಗೆ ಬರುವವರು ಮದುವೆ ಮನೆಯಲ್ಲೋ ಹುತ್ತರಿ ಕೋಲಾಟ ನಡೆಯುವ ಊರ ಬಯಲಾದ ಮಂದ್‌ನಲ್ಲೋ ನನಗೆ ಎದುರಾದರೆ ಮೊದಲು ಮಾತನಾಡಿಸುವ ಅಥವಾ ಮಾತನಾಡಿಸದಿರುವ ಆಯ್ಕೆ ಅವರದ್ದೇ ಎಂಬುದನ್ನು ಮೊದಲ ಭೇಟಿಯಲ್ಲೇ ತೀರ್ಮಾನಿಸಿಕೊಳ್ಳುತ್ತೇವೆ. ನಾನು ಕಲಿಸುವವರಿಗೆ ಸಿದ್ಧಾಂತಕ್ಕಿಂತ ಮೊದಲು ಹೇಳುವುದೂ ಇದನ್ನೇ.

ಕಲಿಯುತ್ತಿರುವ ಚಿಕಿತ್ಸಕರು ತಮ್ಮ ಕೆಲಸವನ್ನು ಅನುಭವಿಗಳ ಮುಂದಿಟ್ಟು ಚರ್ಚಿಸುವ ಸೂಪರ್‌ವಿಷನ್‌ನಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದಿರುವುದು ಅಮೆರಿಕದ ಮನೋವಿಶ್ಲೇಷಕ ಹೆರಾಲ್ಡ್ ಸರ್ಲ್ಸ್ 1955ರಲ್ಲಿ ಗುರುತಿಸಿದ ಸಂಗತಿ: ಚಿಕಿತ್ಸೆಯ ಕೋಣೆಯಲ್ಲಿ ನಡೆಯುತ್ತಿರುವುದು ಸೂಪರ್‌ವಿಷನ್‌ನ ಕೋಣೆಯಲ್ಲಿಯೂ ಯಾರಿಗೂ ತಿಳಿಯದಂತೆ ಮರುಕಳಿಸುತ್ತದೆ. ನನ್ನ ಬಳಿ ಕಲಿಯುತ್ತಿದ್ದ ಒಬ್ಬ ಯುವತಿ ತನ್ನಲ್ಲಿಗೆ ಬರುವ ಮಹಿಳೆಯೊಬ್ಬರ ವಿಷಯ ಹೇಳುತ್ತಾ, ಪ್ರತಿ ಎರಡು ಮಾತಿಗೊಮ್ಮೆ "ನೀವೇ ಹೇಳಿ ಮೇಡಂ, ನಾನೀಗ ಏನು ಮಾಡಲಿ?" ಎನ್ನುತ್ತಿದ್ದಳು. ನಾನೂ ಒಂದರ ಮೇಲೊಂದು ಸಲಹೆ ಕೊಡುತ್ತಿದ್ದೆ. ಯಾವುದೂ ಅವಳಿಗೆ ಸಾಲುತ್ತಿರಲಿಲ್ಲ. "ಇದೇ ಪ್ರಶ್ನೆಯನ್ನು ನಿಮ್ಮನ್ನು ಯಾರಾದರೂ ಕೇಳುತ್ತಾರೆಯೇ?" ಎಂದೆ. ಆ ಮಹಿಳೆ ವಾರವಾರವೂ ಹಾಗೆಯೇ ಕೇಳುತ್ತಾರೆಂದೂ, ಹೇಳಿದ್ದನ್ನೆಲ್ಲ ತಳ್ಳಿಹಾಕುತ್ತಾರೆಂದೂ ಹೇಳಿ, ಸ್ವಲ್ಪ ತಡೆದು, "ನನಗೆ ಅವರ ಮೇಲೆ ಸಿಟ್ಟು ಬರುತ್ತದೆ ಮೇಡಂ" ಎಂದಳು. ಉಳಿದ ಅವಧಿಯನ್ನೆಲ್ಲ ನಾವು ಆ ಸಿಟ್ಟಿನ ಬಗ್ಗೆಯೇ ಮಾತನಾಡಿದೆವು.