ಒಂದು ಸಾಲು ತಿದ್ದಿದ ಹಾಡುಗಾರ

ನವೆಂಬರ್ 10, 2025, ಸೋಮವಾರ
ಕಾರವಾರ

ಎಡ್ಮಂಡ್ ಫಿಟ್ಜೆರಾಲ್ಡ್ ಅನ್ನುವ ಸರಕು ಹಡಗು ಮುಳುಗಿ ಇವತ್ತಿಗೆ 50 ವರ್ಷ. ಬೆಳಗ್ಗೆ ಬೈತಖೋಲ್‌ಗೆ ಮೀನು ತರಲು ಹೋದಾಗಲೇ ನೆನಪಾಯಿತು. ಸಂಜೆ ಚಿಕ್ಕಪ್ಪನ ಮನೆಗೆ ಹೋದೆ. ಪ್ರತಿ ವರ್ಷದ ಹಾಗೆ ಇಬ್ಬರೂ ಜಗಲಿಯಲ್ಲಿ ಕೂತು ಆ ಹಡಗಿನ ಮೇಲಿನ ಹಾಡು ಕೇಳಿದೆವು.

ಹಾಡು ಕೆನಡಾದ ಗಾರ್ಡನ್ ಲೈಟ್‌ಫುಟ್ ಅವರದ್ದು. ‘ದಿ ರೆಕ್ ಆಫ್ ದಿ ಎಡ್ಮಂಡ್ ಫಿಟ್ಜೆರಾಲ್ಡ್’. ಅವರೇ ಬರೆದು, ರಾಗ ಹಾಕಿ ಹಾಡಿದ್ದು. ಸುಮಾರು ಆರೂವರೆ ನಿಮಿಷ ಇದೆ. ಪಲ್ಲವಿ ಅಂತ ಇಲ್ಲವೇ ಇಲ್ಲ, ಭಾಗವತರು ಪ್ರಸಂಗ ನಡೆಸಿದ ಹಾಗೆ ಕತೆ ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ.

ಚಿಕ್ಕಪ್ಪ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದವರು. ಯಾವುದೋ ಬಂದರಿನಲ್ಲಿ ಕೊಂಡ ಕ್ಯಾಸೆಟ್ ಅದು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದೊಂದು ಸಾಲಿಗೂ ಟೇಪ್ ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳಿದ್ದರು. ಹಡಗು ಮುಳುಗಿದ್ದು ಸುಪೀರಿಯರ್ ಅನ್ನುವ ಸರೋವರದಲ್ಲಿ ಎಂದಾಗ ನಾನು ನಂಬಲಿಲ್ಲ. ಸರೋವರದಲ್ಲಿ ಹಡಗು ಮುಳುಗುತ್ತದಾ? ಆಮೇಲೆ ಅಟ್ಲಾಸ್ ನೋಡಿದೆ. ಅದು ಸುಮಾರು 82,000 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಶೇಕಡಾ 40ಕ್ಕಿಂತಲೂ ಜಾಸ್ತಿ.

222 ಮೀಟರ್ ಉದ್ದದ ಹಡಗು, ಹೊತ್ತಿದ್ದು 26,000 ಟನ್ನಿನಷ್ಟು ಕಬ್ಬಿಣದ ಅದಿರು. ಅದಿರು ಅಂದರೆ ನಮಗೆ ಬೇರೆ ಹೇಳಬೇಕಾಗಿಲ್ಲ. ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ಕಾಲದಲ್ಲಿ ಅಂಕೋಲೆಯ ರಸ್ತೆ ಬದಿಯ ಎಲೆಗಳೆಲ್ಲ ಕೆಂಪಾಗಿದ್ದವು, ಆ ಭಾರ ಎಂಥದ್ದು ಅಂತ ಕಣ್ಣಾರೆ ಕಂಡಿದ್ದೇವೆ. 1975ರ ನವೆಂಬರ್ 10ರ ಸಂಜೆ ದೊಡ್ಡ ಬಿರುಗಾಳಿ. ಹಿಂದೆ ಬರುತ್ತಿದ್ದ ಇನ್ನೊಂದು ಹಡಗಿನವರು ರೇಡಿಯೋದಲ್ಲಿ ವಿಚಾರಿಸಿದಾಗ ಕ್ಯಾಪ್ಟನ್ ಹೇಗೋ ನಿಭಾಯಿಸುತ್ತಿದ್ದೇವೆ ಎಂದರಂತೆ. ಅದೇ ಕೊನೆಯ ಮಾತು. 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ, ಒಬ್ಬರ ಹೆಣವೂ ಸಿಗಲಿಲ್ಲ.

ಹಾಡಿನಲ್ಲಿ ಅಡುಗೆಯವನ ಮಾತು ಬರುತ್ತದೆ. ಇವತ್ತು ಊಟ ಬಡಿಸಲು ಆಗುವುದಿಲ್ಲ ಎನ್ನುತ್ತಾನೆ, ಆಮೇಲೆ ಎಲ್ಲರಿಗೂ ವಿದಾಯ ಹೇಳುತ್ತಾನೆ. ಅಲ್ಲಿಗೆ ಬಂದಾಗ ಚಿಕ್ಕಪ್ಪ ಅಂಗಳದ ಕಡೆ ಮುಖ ಮಾಡುತ್ತಾರೆ. ಇವತ್ತೂ ಹಾಗೇ ಆಯಿತು. ನಾನು ಮಾತಾಡಿಸಲಿಲ್ಲ.

ಆದರೆ ನಾನು ಇದನ್ನು ಬರೆಯಲು ಕೂತಿದ್ದು ಬೇರೆ ವಿಷಯಕ್ಕೆ. 1976ರಲ್ಲಿ ಬಂದ ಹಾಡಿನಲ್ಲಿ ಹಡಗಿನ ಮೇಲಿನ ಒಂದು ದೊಡ್ಡ ಮುಚ್ಚಳ ಕುಸಿಯಿತು ಅನ್ನುವ ಸಾಲು ಇತ್ತು. ಮುಚ್ಚಳ ಕುಸಿಯಿತು ಅಂದರೆ ಅದನ್ನು ಭದ್ರ ಮಾಡಬೇಕಾದವರು ಸರಿಯಾಗಿ ಮಾಡಿರಲಿಲ್ಲ ಅಂತ ಅರ್ಥ ಬರುತ್ತದೆ ಅಲ್ವಾ? ಆ ಕೆಲಸದಲ್ಲಿದ್ದವರ ಮನೆಯವರು ಮೂವತ್ತಕ್ಕೂ ಹೆಚ್ಚು ವರ್ಷ ಆ ಸಾಲನ್ನು ಕೇಳಿಸಿಕೊಂಡು ಒಳಗೊಳಗೇ ಕುಗ್ಗಿದರು. 2010ರಲ್ಲಿ ಒಂದು ಸಾಕ್ಷ್ಯಚಿತ್ರದ ತಂಡ ಹುಡುಕಿ ನೋಡಿ ಅವರ ತಪ್ಪಲ್ಲ ಎಂದಿತು. ಆಮೇಲೆ ಲೈಟ್‌ಫುಟ್ ವೇದಿಕೆಯಲ್ಲಿ ಆ ಸಾಲು ಹಾಡಲಿಲ್ಲ. ಆ ಜಾಗದಲ್ಲಿ ಕತ್ತಲಾಯಿತು ಎಂದಷ್ಟೇ ಹಾಡಿದರು. ರೆಕಾರ್ಡಿನಲ್ಲಿ ಹಳೆಯದೇ ಇದೆ, ಜಗತ್ತಿಗೆಲ್ಲ ಬಾಯಿಪಾಠ ಆಗಿದೆ, ಆದರೂ ಆ ಮನೆಗಳವರಿಗಾಗಿ ತಿದ್ದಿದರು. ನನಗೆ ಈ ಹಾಡು ಇಷ್ಟು ದೊಡ್ಡದಾಗಿದ್ದು ಆ ಒಂದು ಸಾಲಿನಿಂದ.

ನಮ್ಮ ಕಡೆಯ ಹಾಡುಗಳಲ್ಲಿ ಈ ತಿದ್ದುವ ಕೆಲಸ ತನ್ನಷ್ಟಕ್ಕೇ ನಡೆಯುತ್ತದೆ. ಅಂಕೋಲೆ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು, ಈ ವರ್ಷ ಫೆಬ್ರವರಿ 13ಕ್ಕೆ ಹೋಗಿಬಿಟ್ಟರು. ಅವರು ಹಾಡುತ್ತಿದ್ದ ಹಾಲಕ್ಕಿ ಒಕ್ಕಲಿಗರ ಹಾಡುಗಳು ಯಾರೋ ಒಬ್ಬರು ಕಟ್ಟಿದ್ದಲ್ಲ. ಅಂಥ ಹಾಡು ಬಾಯಿಂದ ಬಾಯಿಗೆ ಹೋಗುವಾಗ ನೋಯಿಸುವ ಮಾತು ಸವೆದು ಹೋಗುತ್ತದೆ, ಬೇಕಾದ ಮಾತು ಬಂದು ಸೇರುತ್ತದೆ. ಒಬ್ಬನೇ ಬರೆದು ರೆಕಾರ್ಡ್ ಮಾಡಿದ ಹಾಡಿಗೆ ಆ ಅನುಕೂಲ ಇಲ್ಲ. ತಿದ್ದುವುದಿದ್ದರೆ ಅವನೇ ತಿದ್ದಬೇಕು.

2023ರ ಮೇ 1ರಂದು ಲೈಟ್‌ಫುಟ್ ತೀರಿಕೊಂಡರು. ಡೆಟ್ರಾಯಿಟ್‌ನಲ್ಲಿ ನಾವಿಕರದ್ದೇ ಒಂದು ಚರ್ಚ್ ಇದೆ, ಹಾಡಿನಲ್ಲೂ ಬರುತ್ತದೆ, ಸತ್ತ 29 ಜನರಿಗಾಗಿ 29 ಸಲ ಗಂಟೆ ಹೊಡೆಯುವುದು ಅಲ್ಲೇ. ಅವರು ಹೋದಾಗ 30 ಸಲ ಹೊಡೆದರು. ಆ ಸುದ್ದಿ ಓದಿ ಹೇಳಿದಾಗ ಚಿಕ್ಕಪ್ಪ ಸುಮ್ನೆ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದ್ದರು.

ಹಾಡು ಮುಗಿದ ಮೇಲೆ ಸುವರ್ಣ ತ್ರಿಭುಜದ ಮಾತು ಬಂತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಮೀನಿಗೆ ಹೊರಟ ಬೋಟು ಅದು. ಏಳು ಜನ, ಅದರಲ್ಲಿ ಐವರು ನಮ್ಮ ಜಿಲ್ಲೆಯವರು. 2019ರ ಮೇ ತಿಂಗಳಲ್ಲಿ ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಸಿಕ್ಕಿತು. ಜನ ಸಿಗಲಿಲ್ಲ. ಅವರ ಮೇಲೆ ಒಂದು ಹಾಡಾದರೂ ಬೇಕಿತ್ತು ಅಂತ ನಾನು ಎಷ್ಟೋ ದಿನದಿಂದ ಅಂದುಕೊಂಡಿದ್ದೆ. ಇವತ್ತು ಧೈರ್ಯ ಮಾಡಿ ನಾಲ್ಕು ಸಾಲು ಬರೆದುಕೊಂಡು ಹೋಗಿದ್ದೆ. ಓದಿದೆ.

ಚಿಕ್ಕಪ್ಪ ಪೆನ್ನು ಕೇಳಿದರು. ಮೂರನೇ ಸಾಲಿನಲ್ಲಿ ‘ಮುಳುಗಿತು’ ಅಂತಿತ್ತು, ಅದನ್ನು ಹೊಡೆದು ‘ಬರಲಿಲ್ಲ’ ಅಂತ ಬರೆದರು. ಮನೆಯಲ್ಲಿ ಕಾಯುವವರು ಮುಳುಗಿತು ಅನ್ನುವುದಿಲ್ಲ ಮಗಾ, ಅಂದರು.

ನಾಲ್ಕನೇ ಸಾಲು ಅದಕ್ಕೆ ಹೊಂದುತ್ತಿಲ್ಲ. ನಾಳೆ ಮತ್ತೆ ಕೂರಬೇಕು.