ಹೈಯೆಸ್ಟ್ ಅಂದ್ರೆ ಯಾವುದರಲ್ಲಿ?

ಹೊಸನಗರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಒಂಬತ್ತನೇ ಕ್ಲಾಸಿಗೆ ಡಿಗ್ರೀಸ್ ಆಫ್ ಕಂಪ್ಯಾರಿಸನ್ (ಹೈ, ಹೈಯರ್, ಹೈಯೆಸ್ಟ್) ಮಾಡುತ್ತಿದ್ದಾಗ ತಪಾಸಣೆಗೆ ಬಂದವರು ಹಿಂದಿನ ಬೆಂಚಿನಲ್ಲಿ ಕೂತರು. ಲೆಸನ್ ಪ್ಲಾನ್‌ಗೆ ಸಹಿಯೂ ಆಯಿತು. ಬೋರ್ಡಿನ ಮೇಲೆ ವರ್ಕ್‌ಶೀಟಿನ ವಾಕ್ಯ: 'ಜೋಗ್ ಈಸ್ ದಿ ಹೈಯೆಸ್ಟ್ ವಾಟರ್‌ಫಾಲ್ ಇನ್ ಕರ್ನಾಟಕ.' ಇದನ್ನು ಕಂಪ್ಯಾರಟಿವ್, ಅಂದರೆ 'ಹೈಯರ್ ದ್ಯಾನ್' ರೂಪಕ್ಕೆ ತಿರುಗಿಸಬೇಕು.

ಮಾಸ್ತಿಕಟ್ಟೆ ಕಡೆಯ ಹುಡುಗ ಎದ್ದು ನಿಂತ. "ಮೇಡಂ, ನಮ್ಮ ಕುಂಚಿಕಲ್ ಜೋಗಕ್ಕಿಂತ ಎತ್ತರ ಅಲ್ವಾ?"

ಹೌದು. ಜೋಗ 253 ಮೀಟರ್, ವರಾಹಿ ನದಿಯ ಕುಂಚಿಕಲ್ 455 ಮೀಟರ್. ಜೋಗದಲ್ಲಿ ನೀರು ನೇರ ಧುಮುಕುತ್ತದೆ, ಕುಂಚಿಕಲ್‌ನಲ್ಲಿ ಬಂಡೆಯಿಂದ ಬಂಡೆಗೆ ಇಳಿಯುತ್ತದೆ. ಆದರೆ ವಾಕ್ಯ ಕೇಳಿದ್ದು ಎತ್ತರವನ್ನು. ಹಿಂದಿನಿಂದ ದನಿ ಬಂತು: "ಕೀ ಆನ್ಸರ್‌ನಲ್ಲಿ ಇರೋದನ್ನು ಬರೆಸಿ, ಟೈಮ್ ಆಗ್ತಿದೆ."

ಕ್ಲಾಸು ಸ್ತಬ್ಧ. ಹುಡುಗ ಇನ್ನೂ ನಿಂತೇ ಇದ್ದ. ಅವನನ್ನು ಕೂರಿಸಿಬಿಟ್ಟರೆ ಮತ್ತೆ ವರ್ಷವಿಡೀ ಬಾಯಿ ಬಿಡುವುದಿಲ್ಲ ಅನ್ನಿಸಿತು. "ಅದನ್ನೇ ಇಂಗ್ಲಿಷಿನಲ್ಲಿ ಹೇಳು" ಅಂದೆ.

"ಕುಂಚಿಕಲ್ ಈಸ್ ಮೋರ್ ಹೈಯರ್ ದ್ಯಾನ್ ಜೋಗ್."

ಈ 'ಮೋರ್ ಹೈಯರ್' ನಮ್ಮ ಮಕ್ಕಳ ಬಾಯಲ್ಲಿ ಬರುವುದು ಸಹಜ. ಕನ್ನಡದಲ್ಲಿ 'ಜೋಗಕ್ಕಿಂತ' ಅಂದರೆ ಕೆಲಸ ಮುಗಿಯಿತು, 'ಎತ್ತರ' ಇದ್ದ ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. 'ದ್ಯಾನ್' ಜೊತೆಗೆ 'ಹೈ' ಕೂಡ 'ಹೈಯರ್' ಆಗಬೇಕು. ಚಿಕ್ಕ ಪದಕ್ಕೆ ಬಾಲದಲ್ಲಿ 'ಅರ್' ಬಂದರೆ ಮುಂದೆ 'ಮೋರ್' ಬೇಡ. 'ಬ್ಯೂಟಿಫುಲ್'ನಂಥ ಉದ್ದದ ಪದಕ್ಕೆ 'ಮೋರ್' ಬೇಕು, 'ಅರ್' ಬೇಡ. ಬೋರ್ಡಿನ ಮೇಲೆ ಅವನದೇ ವಾಕ್ಯ ಬರೆದು 'ಮೋರ್' ಮಾತ್ರ ಅಳಿಸಿದೆ. ಅವನೇ ಇನ್ನೊಮ್ಮೆ ಓದಿದ, ಈ ಸಲ ಗಟ್ಟಿಯಾಗಿ.

ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ವರ್ಕ್‌ಶೀಟಿನ ಉತ್ತರ ಬರೆದು ತಂದಳು: 'ಜೋಗ್ ಈಸ್ ಹೈಯರ್ ದ್ಯಾನ್ ಎನಿ ವಾಟರ್‌ಫಾಲ್ ಇನ್ ಕರ್ನಾಟಕ.' 'ಅದರ್' ಬಿಟ್ಟುಹೋಗಿತ್ತು. ಜೋಗವೂ ಕರ್ನಾಟಕದ್ದೇ ತಾನೆ? ಹಾಗಾದರೆ ಅದು ತನಗಿಂತ ತಾನೇ ಎತ್ತರ ಅಂತಾಯಿತು! 'ಎನಿ ಅದರ್' ಯಾಕೆ ಬೇಕು ಅನ್ನುವುದು ಮಕ್ಕಳಿಗೆ ಆಗ ಹೊಳೆಯಿತು. ಎಷ್ಟು ಟೇಬಲ್ ಬಾಯಿಪಾಠ ಮಾಡಿಸಿದರೂ ಇದು ಬರುತ್ತಿರಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ಬಿದ್ದದ್ದು 'ವಿಷಯಾಂತರವಾಗಿದೆ' ಎಂಬ ಷರಾ. ಈಗಲೂ ಚುಚ್ಚುತ್ತದೆ. ಆ ಪೀರಿಯಡ್ಡಿನಲ್ಲಿ ವಿಷಯ ಬಿಟ್ಟು ನಾವು ಒಂದು ಮಾತೂ ಆಡಿರಲಿಲ್ಲ.

ಈಗ ಸೂಪರ್ಲೇಟಿವ್ ('ಹೈಯೆಸ್ಟ್' ರೂಪ) ಶುರು ಮಾಡುವುದೇ 'ಯಾವುದರಲ್ಲಿ?' ಎಂಬ ಪ್ರಶ್ನೆಯಿಂದ. 1,930 ಮೀಟರಿನ ಮುಳ್ಳಯ್ಯನಗಿರಿ 'ದಿ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ'. 'ಇನ್ ದಿ ವೆಸ್ಟರ್ನ್ ಘಾಟ್ಸ್' ಅಂದ ಕೂಡಲೇ ಆ ಪಟ್ಟ 2,695 ಮೀಟರಿನ ಆನಮುಡಿಗೆ ಹೋಗುತ್ತದೆ. ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ.

ವರ್ಕ್‌ಶೀಟ್ ಮಾಡುವವರಲ್ಲಿ ಒಂದು ಕೋರಿಕೆ. ಜೋಗದ ವಾಕ್ಯ ಬೇಕೇ ಬೇಕು ಅಂದರೆ 'ಒನ್ ಆಫ್ ದಿ ಹೈಯೆಸ್ಟ್ ವಾಟರ್‌ಫಾಲ್ಸ್' ಎಂದು ಹಾಕಿ. ಕೊನೆಯ 'ಎಸ್' ಬಿಡಬೇಡಿ, ಪರೀಕ್ಷೆಯಲ್ಲಿ ಮಕ್ಕಳು ಅಲ್ಲೇ ಜಾಸ್ತಿ ಮಾರ್ಕ್ಸ್ ಕಳೆದುಕೊಳ್ಳುತ್ತಾರೆ.